ಸ್ಟ್ರೈಕರ್ ಮೇಲೆ ಈಗ ಯಾವ ಬಲ ಇದೆ?

ನಮಸ್ಕಾರ. ಇವತ್ತು ಒಂದು ಕ್ಯಾರಂ ಬೋರ್ಡಿನ ಕಥೆಯಿಂದ ಶುರು ಮಾಡ್ತೀನಿ.

ನಮ್ಮ ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಸಂಜೆ ಆರು ಗಂಟೆ ಆಯಿತು ಅಂದರೆ ಬೀದಿಯ ನಾಲ್ಕೈದು ಮಕ್ಕಳು ಪುಸ್ತಕ ಹಿಡಿದುಕೊಂಡು ಬರುತ್ತಾರೆ. ಏಳನೇ ಕ್ಲಾಸು, ಎಂಟನೇ ಕ್ಲಾಸಿನವರು. ಹೋದ ವಾರ ಅವರಲ್ಲಿ ಒಬ್ಬಳು ಬಲದ ಪಾಠ ಪೂರ್ತಿ ಒಪ್ಪಿಸಿದಳು. ಬಲ ಅಂದರೆ ತಳ್ಳುವಿಕೆ ಅಥವಾ ಎಳೆಯುವಿಕೆ, ಬಲದ ಮಾನ ನ್ಯೂಟನ್, ಎಲ್ಲಾ ಸರಿ. ಒಂದು ತಪ್ಪೂ ಇಲ್ಲ. ಪಕ್ಕದಲ್ಲೇ ಕ್ಯಾರಂ ಬೋರ್ಡ್ ಇತ್ತು, ಸುಮ್ನೆ ಸ್ಟ್ರೈಕರ್ ಹೊಡೆದೆ. ಅದು ಇನ್ನೂ ಜಾರಿಕೊಂಡು ಹೋಗುತ್ತಿರುವಾಗಲೇ ಕೇಳಿದೆ: "ಈಗ ಇದರ ಮೇಲೆ ಯಾವ ಬಲ ಇದೆ?"

ಅವಳು ಯೋಚನೆಯನ್ನೇ ಮಾಡಲಿಲ್ಲ. "ನಿಮ್ಮ ಬೆರಳಿನ ಬಲ ಮಿಸ್. ಹೋಗ್ತಾ ಹೋಗ್ತಾ ಖಾಲಿ ಆಗತ್ತೆ. ಪೂರ್ತಿ ಖಾಲಿ ಆದಾಗ ನಿಂತ್ಕೊಳ್ಳತ್ತೆ."

ಉತ್ತರ ತಪ್ಪು. ಬೆರಳು ಬಿಟ್ಟ ಕ್ಷಣಕ್ಕೆ ಬೆರಳಿನ ಬಲ ಮುಗಿಯಿತು, ಆಮೇಲೆ ಸ್ಟ್ರೈಕರನ್ನು ಮುಂದಕ್ಕೆ ತಳ್ಳುವವರು ಯಾರೂ ಇಲ್ಲ. ಆದರೆ ಇದು ದಡ್ಡ ಉತ್ತರ ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೋಪೋನಸ್ ಅನ್ನೋ ಪಂಡಿತ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ: ಎಸೆದವನು ವಸ್ತುವಿನೊಳಗೆ ಒಂದು ಬಲ ತುಂಬುತ್ತಾನೆ, ಅದು ಬರಬರುತ್ತಾ ಕರಗಿಹೋಗುತ್ತದೆ ಅಂತ. ಅಲ್ಲಿಂದ ಗೆಲಿಲಿಯೋ ತನಕ, 1687ರಲ್ಲಿ ನ್ಯೂಟನ್ ಪುಸ್ತಕ ಬರುವ ತನಕ, ಈ ಯೋಚನೆ ಬದಲಾಗೋಕೆ ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟು ದೂರವನ್ನು ನಾವು ಒಂದೇ ಪೀರಿಯಡ್‌ನಲ್ಲಿ ದಾಟಿ ಬಾ ಅಂತ ಹನ್ನೆರಡು ಹದಿಮೂರು ವರ್ಷದ ಮಗುವಿಗೆ ಹೇಳುತ್ತೇವೆ, ಅದೂ ನೋಟ್ಸ್ ಬರೆಸಿ. ನನಗೆ ಬೇಜಾರಾಗೋದು ಇಲ್ಲೇ.

ನಮ್ಮ ಮಾತೂ ಮಗುವನ್ನ ಅದೇ ಕಡೆಗೆ ಕರೆದುಕೊಂಡು ಹೋಗುತ್ತೆ. ಕಾವೇರಿ ನೀರು ಫೋರ್ಸಾಗಿ ಬರ್ತಿಲ್ಲ ಅಂತೀವಿ. ಬಾಲ್ ಏನ್ ಫೋರ್ಸಲ್ಲಿ ಬಂತು ಗುರು ಅಂತೀವಿ. ನಮ್ಮ ಬಾಯಲ್ಲಿ ಫೋರ್ಸ್ ಅನ್ನೋದು ವಸ್ತುವಿನ ಒಳಗೆ ಕೂತಿರುವ ಏನೋ ಒಂದು. ಪಾಠದಲ್ಲಿ ಅದು ಒಂದು ವಸ್ತು ಇನ್ನೊಂದನ್ನು ತಳ್ಳುವುದು ಅಥವಾ ಎಳೆಯುವುದು. ಈ ಎರಡರ ನಡುವೆ ಇರುವ ವ್ಯತ್ಯಾಸವನ್ನು ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಬೇಕು ಅಲ್ವಾ? ಹೇಳಲ್ಲ. ಹಾಗಾಗಿ ಬಸ್ಸು ಬ್ರೇಕ್ ಹಾಕಿದಾಗ ಯಾಕೆ ಮುಂದಕ್ಕೆ ಬೀಳ್ತೀಯ ಅಂತ ಕೇಳಿದರೆ "ಚಲನೆಯ ಜಡತ್ವ" (ಅಂದರೆ ಹೋಗುತ್ತಿರುವ ವಸ್ತು ಹಾಗೇ ಹೋಗುತ್ತಾ ಇರುವ ಗುಣ) ಅಂತ ಬರೆದು ಮಾರ್ಕ್ಸ್ ತಗೋತಾರೆ. ಸರಿಯಪ್ಪಾ, ನಿನ್ನನ್ನ ತಳ್ಳಿದ್ದು ಯಾರು ಅಂದರೆ "ಜಡತ್ವ ತಳ್ಳಿತು" ಅಂತಾರೆ! ಯಾರೂ ತಳ್ಳಲಿಲ್ಲ. ಬಸ್ಸಿನ ಜೊತೆ ಪಾದ ನಿಂತಿತು, ಮೇಲಿನ ಮೈ ತನ್ನ ಪಾಡಿಗೆ ಹೋಗುತ್ತಾ ಇತ್ತು, ಅಷ್ಟೇ.

ಮತ್ತೆ ಕ್ಯಾರಂ ಬೋರ್ಡಿಗೆ ಬರೋಣ. ನಾನು ಅವಳ ಉತ್ತರ ತಿದ್ದಲಿಲ್ಲ. ಒಣ ಬಟ್ಟೆಯಲ್ಲಿ ಬೋರ್ಡಿನ ಪೌಡರೆಲ್ಲ ಒರೆಸಿ, ಹೊಡಿ ಅಂದೆ. ಸ್ಟ್ರೈಕರ್ ಕರಕರ ಅಂತ ಉಜ್ಜಿಕೊಂಡು ಎದುರಿನ ಗೆರೆ ಹತ್ತಿರ ನಿಂತಿತು. ಆಮೇಲೆ ಒಂದು ಚಿಟಿಕೆ ಬೋರಿಕ್ ಪೌಡರ್ ಉದುರಿಸಿ ಅಂಗೈಯಲ್ಲಿ ಸವರಿದೆ. ಅದೇ ಬೆರಳು, ಅದೇ ಹೊಡೆತ. ಈ ಸಲ ಎದುರಿನ ಪಟ್ಟಿಗೆ ಬಡಿದು ವಾಪಸ್ ಅವಳ ಹತ್ತಿರಕ್ಕೇ ಬಂತು. "ಬೆರಳು ಕೊಟ್ಟಿದ್ದು ಅಷ್ಟೇ ಅಲ್ವಾ, ಮತ್ತೆ ಈಗ ಯಾಕೆ ಬೇಗ ಖಾಲಿ ಆಗಲಿಲ್ಲ?" ಅಂದೆ. ಸ್ಟ್ರೈಕರ್ ತಿರುಗಿಸಿ ಅದರ ತಳ ನೋಡಿದಳು, ಪೌಡರ್ ಮೇಲೆ ಬೆರಳಾಡಿಸಿದಳು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ: "ಖಾಲಿ ಆಗ್ತಿಲ್ಲ ಮಿಸ್. ಬೋರ್ಡು ಹಿಡ್ಕೋತಿದೆ."

ಘರ್ಷಣೆ ಅನ್ನೋ ಪದ ಈಗ ಹೇಳಿದರೆ ಸಾಕು. ಈಗ ಅದಕ್ಕೆ ಕೂರಲು ಜಾಗ ಇದೆ.

ಬೋರ್ಡು ಹಿಡ್ಕೊಳ್ಳದೇ ಇದ್ರೆ ಅಂತ ಅವಳೇ ಕೇಳಿದಳು. ವಾಯೇಜರ್ 1 ಕಥೆ ಹೇಳಿದೆ. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ನೌಕೆ, ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಿದೆ. ಶ್ರೀನಗರದಲ್ಲಿ ಒಂದು ಸಲ ಕಣ್ಣು ಮಿಟುಕಿಸಿ ಬಿಡುವಷ್ಟರಲ್ಲಿ ಮೆಜೆಸ್ಟಿಕ್ ದಾಟಿರುತ್ತೆ. ಅದರ ಸಣ್ಣ ಥ್ರಸ್ಟರ್‌ಗಳು ಉರಿಯುವುದು ಆಂಟೆನಾ ಭೂಮಿ ಕಡೆ ತಿರುಗಿಸಿ ಇಟ್ಟುಕೊಳ್ಳೋಕೆ. ಮುಂದಕ್ಕೆ ತಳ್ಳುತ್ತಿರುವವರು ಯಾರೂ ಇಲ್ಲ.

ಇದು ಬರೀ ಮಾರ್ಕ್ಸಿನ ಮಾತಲ್ಲ ಅಂತ ನಾನು ಯಾಕೆ ಇಷ್ಟು ಹಠ ಹಿಡಿಯುತ್ತೇನೆ ಅಂದರೆ, ನಮ್ಮ ಊರಿನಲ್ಲಿ ದಿನಾ ಕಾಣುತ್ತೆ, ಕಾರಿನ ಮುಂದಿನ ಸೀಟಿನಲ್ಲಿ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಹೋಗುತ್ತಿರುತ್ತಾರೆ, ಕೇಳಿದರೆ "ಗಟ್ಟಿಯಾಗಿ ಹಿಡ್ಕೊಂಡಿದೀನಿ" ಅಂತಾರೆ. ಲೆಕ್ಕ ಹಾಕಿ. ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್. ಕಾರು ಎಲ್ಲೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. 10 ಕೆಜಿ ಮಗುವನ್ನ ಅಷ್ಟರಲ್ಲಿ ನಿಲ್ಲಿಸೋಕೆ 1000 ನ್ಯೂಟನ್ ಬಲ ಬೇಕು. 25 ಕೆಜಿಯ ನಾಲ್ಕು ಅಕ್ಕಿ ಮೂಟೆಯನ್ನು ಒಟ್ಟಿಗೆ ಹಿಡಿದ ಹಾಗೆ. ಯಾವ ಅಮ್ಮನ ಕೈಯಲ್ಲೂ ಆಗಲ್ಲ, ಅಪ್ಪನ ಕೈಯಲ್ಲೂ ಆಗಲ್ಲ. ಈ ಲೆಕ್ಕ ಮಾಡೋಕೆ ಬೇಕಾದ ವಿಜ್ಞಾನ ಒಂಬತ್ತನೇ ಕ್ಲಾಸು ಮುಗಿಸಿದವರೆಲ್ಲ ಓದಿರುತ್ತಾರೆ. ಓದಿದ್ದೇವೆ, ನಂಬಿಲ್ಲ.

ಟೀಚರ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಪೋರ್ಷನ್ ಮುಗಿಸಬೇಕು, ಗೊತ್ತು. ನಾನು ಕೇಳೋದು ಒಂದೇ ಒಂದು ಪೀರಿಯಡ್. ಬಲದ ಪಾಠದ ಮೊದಲ ದಿನ ವ್ಯಾಖ್ಯೆ ಬರೆಸಬೇಡಿ. ಕ್ಯಾರಂ ಬೋರ್ಡ್ ಇಡಿ, ಇಲ್ಲಾಂದ್ರೆ ಒಂದು ಗೋಲಿ, ಒಂದು ಸ್ಟೀಲ್ ತಟ್ಟೆ, ಒಂದು ಟವೆಲ್ ಸಾಕು. ಮಕ್ಕಳ ತಪ್ಪು ಉತ್ತರಗಳನ್ನೆಲ್ಲ ಬ್ಲ್ಯಾಕ್‌ಬೋರ್ಡಿನ ಮೇಲೆ ಹಾಗೇ ಬರೆಯಿರಿ, ಅಳಿಸಬೇಡಿ.

ಮನೆಯಲ್ಲಿ ಆರು, ಏಳು, ಎಂಟನೇ ಕ್ಲಾಸಿನ ಮಗು ಇದ್ದರೆ ಇವತ್ತು ರಾತ್ರಿ ಊಟದ ಮೇಲೆ ಒಂದು ಗೋಲಿ ಉರುಳಿಸಿ ಇದೇ ಪ್ರಶ್ನೆ ಕೇಳಿ: ಈಗ ಇದರ ಮೇಲೆ ಯಾವ ಬಲ ಇದೆ? ಏನು ಹೇಳಿತು ಅಂತ ಕೆಳಗೆ ಬರೆಯಿರಿ, ಮಗುವಿನ ಮಾತಿನಲ್ಲೇ. ಎಲ್ಲಾ ಓದುತ್ತೇನೆ.