ತಂಬೂರಿ ಕೇಳಿಸುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಇವತ್ತು ಮಾರ್ಚ್ 3, ವಿಶ್ವ ಶ್ರವಣ ದಿನ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇರುವ ಈ ಮೈಸೂರಿನವರಿಗೆ ಕಿವಿಯ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಂಘದವರು ಕೊಟ್ಟ ವಿಷಯ ಬಹಳ ನೇರವಾಗಿದೆ: ದುಬಾರಿ ವೈರ್‌ಲೆಸ್ ಹೆಡ್‌ಫೋನ್‌ಗಳಲ್ಲಿ ಯಾವುದು ಒಳ್ಳೆಯದು? ಮೇಜಿನ ಮೇಲೆ ನಾಲ್ಕನ್ನು ಇಟ್ಟಿದ್ದೇನೆ. ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5, ಬೋಸ್ ಕ್ವೈಟ್‌ಕಂಫರ್ಟ್ ಅಲ್ಟ್ರಾ, ಸೆನ್‌ಹೈಸರ್ ಮೊಮೆಂಟಮ್ 4, ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್. ಇವುಗಳಿಗಿಂತ ಹೊಸ ಮಾದರಿಗಳು ಬಂದಿವೆ, ಮುಂದೆಯೂ ಬರುತ್ತವೆ. ಆದರೆ ಹೋಲಿಸುವ ಬಗೆ ಒಮ್ಮೆ ಕಿವಿಗೆ ಹಿಡಿಯಿತೆಂದರೆ ಮುಂದಿನ ಮಾದರಿಗೂ ಅದೇ ಸಾಕು.

ಮೊದಲೇ ನನ್ನ ವಾದವನ್ನು ಹೇಳಿಬಿಡುತ್ತೇನೆ. ಹೆಡ್‌ಫೋನ್‌ಗಳ ಬಗ್ಗೆ ಬರೆಯುವವರು ಧ್ವನಿಯ ಗುಣಮಟ್ಟಕ್ಕೆ ಒಂದು ಅಂಕ, ದಿನಬಳಕೆಗೆ ಇನ್ನೊಂದು ಅಂಕ ಕೊಡುತ್ತಾರೆ. ಇವೆರಡು ಬೇರೆಯಲ್ಲ. ವಾಲ್ಯೂಮ್ ಏರಿಸು ಎಂದು ನಿಮ್ಮನ್ನು ಕೇಳದ ಹೆಡ್‌ಫೋನೇ ಒಳ್ಳೆಯ ಹೆಡ್‌ಫೋನ್. ಅದಕ್ಕೆ ನನ್ನದು ಒಂದೇ ಪರೀಕ್ಷೆ. ಒಂದು ಸಂಗೀತ ಕಛೇರಿಯ ಧ್ವನಿಮುದ್ರಣ ಹಾಕಿ, ವಾಲ್ಯೂಮ್ ಕಡಿಮೆ ಇಡಿ, ಹಾಡುವವರು ಉಸಿರು ತೆಗೆದುಕೊಳ್ಳುವ ಆ ಅರೆಕ್ಷಣಕ್ಕೆ ಕಾಯಿರಿ. ಆಗ ತಂಬೂರಿ ಕೇಳಿಸುತ್ತದೆಯೇ?

ತಂಬೂರಿಯೇ ಏಕೆ? ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗೆ ನಾವು ಸೇರಿಸುವ ಆ ಎಳೆ, ಜೀವಾಳ, ಒಂದೇ ಮೀಟಿಗೆ ಎಷ್ಟು ಉಪಸ್ವರಗಳನ್ನು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನು, ಎಬ್ಬಿಸುತ್ತದೆ ಎನ್ನುವುದು ಸಿ.ವಿ. ರಾಮನ್ ಅವರನ್ನೇ ನಿಲ್ಲಿಸಿ ನೋಡುವಂತೆ ಮಾಡಿತ್ತು. ಭೌತಶಾಸ್ತ್ರದ ಹಳೆಯ ನಿಯಮದ ಪ್ರಕಾರ ತಂತಿಯನ್ನು ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ, ಅಂದರೆ ಆ ಉಪಸ್ವರಕ್ಕೆ ತಂತಿ ಅಲುಗದ ಜಾಗದಲ್ಲಿ, ಮೀಟಿದರೆ ಆ ಉಪಸ್ವರ ಹುಟ್ಟಬಾರದು. ತಂಬೂರಿಯಲ್ಲಿ ಅದೂ ಹುಟ್ಟುತ್ತದೆ, ಜೋರಾಗಿಯೇ ಹುಟ್ಟುತ್ತದೆ ಎಂದು ಅವರು 1921ರಲ್ಲಿ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಮೃದಂಗ, ತಬಲಾಗಳ ಮೇಲಿನ ಕಪ್ಪು ಲೇಪದ, ಕರಣೆಯ, ಬಗ್ಗೆಯೂ ಬರೆದಿದ್ದರು. ನೊಬೆಲ್ ಬಂದದ್ದು ಬೆಳಕಿನ ಸಂಶೋಧನೆಗೆ. ಆದರೆ ನಮ್ಮ ವಾದ್ಯಗಳಿಗೆ ಅಷ್ಟು ಆಸ್ಥೆಯಿಂದ ಕಿವಿಗೊಟ್ಟ ಭೌತವಿಜ್ಞಾನಿ ಇನ್ನೊಬ್ಬರು ಸಿಗುವುದು ಕಷ್ಟ. ಅವರ ಮಾತು ಬಂದರೆ ನನಗೆ ನಿಲ್ಲಿಸಲು ಆಗುವುದಿಲ್ಲ, ಆದರೂ ಮುಂದೆ ಹೋಗೋಣ.

ಗಂಡು ಶ್ರುತಿಯ ಮಂದ್ರ ತಂತಿ, ಅಂದರೆ ತಗ್ಗಿನ ತಂತಿ, ಸುಮಾರು 65 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 65 ಕಂಪನ) ನಿಂತರೆ ಅದರ ಝೇಂಕಾರ ಸಾವಿರಾರು ಹರ್ಟ್ಸ್‌ವರೆಗೆ ಏರುತ್ತದೆ. ಅಂದರೆ ಹೆಡ್‌ಫೋನ್ ತೋರಿಸಬೇಕಾದ ಹರವೆಲ್ಲ ಒಂದೇ ಮೀಟಿನಲ್ಲಿದೆ. ಮಂದ್ರ ಸೊರಗಿದರೆ ತಂಬೂರಿ ತಗಡಿನಂತೆ ಕೇಳುತ್ತದೆ. ಮೇಲಿನ ಭಾಗ ಸೊರಗಿದರೆ ಜೀವಾಳ ಕಟ್ಟದ ತಂಬೂರಿಯಂತೆ ಕೇಳುತ್ತದೆ.

ಈಗ ಇದೇ ಹೆಡ್‌ಫೋನ್ ಹಾಕಿಕೊಂಡು ಬೆಂಗಳೂರಿನ ಬಸ್ ಹತ್ತಿ. ಎಂಜಿನ್ನಿನ ಗುಡುಗುಡು ಇರುವುದೂ ಆ ಕೆಳಗಿನ ಹರ್ಟ್ಸ್‌ಗಳಲ್ಲೇ. ಅದು ನೇರವಾಗಿ ನಿಮ್ಮ ಆಧಾರ ಸ್ವರದ, ಷಡ್ಜದ, ಮೇಲೆ ಬಂದು ಕೂರುತ್ತದೆ. ಷಡ್ಜ ಕಾಣದಾದಾಗ ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಮಂಡ್ಯ ದಾಟುವಷ್ಟರಲ್ಲಿ ನೀವು ಎಲ್ಲಿಗೆ ಏರಿಸಿದ್ದೀರಿ ಎನ್ನುವುದು ನಿಮಗೇ ತಿಳಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ವಯಸ್ಕರು ವಾರಕ್ಕೆ 40 ಗಂಟೆ 80 ಡೆಸಿಬೆಲ್‌ವರೆಗೆ ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿತು, ಸಮಯ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಮಕ್ಕಳಿಗೆ 80 ಅಲ್ಲ, 75.

ಹೊರಗಿನ ಗದ್ದಲವನ್ನು ಅಳಿಸುವ ನಾಯ್ಸ್ ಕ್ಯಾನ್ಸಲೇಷನ್ ಎನ್ನುವುದು ಪ್ರಯಾಣಿಕರ ಐಷಾರಾಮ ಎಂದು ನಾನೂ ಬಹಳ ವರ್ಷ ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ. ಸದ್ದಿಗೆ ಎದುರು ಸದ್ದು ಹಾಕಿ ಅಳಿಸಬಹುದು ಎಂಬ ಕಲ್ಪನೆಗೆ ಪಾಲ್ ಲ್ಯೂಗ್ ಎಂಬ ಜರ್ಮನ್ 1936ರಲ್ಲೇ ಪೇಟೆಂಟ್ ಪಡೆದಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್‌ನಿಂದ ಸಂಗೀತ ಕೇಳಲಾಗದೆ, ಬಾಸ್ಟನ್ ತಲುಪುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದವರು ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ್ ಬೋಸರ ಮಗ. ವಿಮಾನ ಚಾಲಕರ ಕೈಗೆ ಅದು ಬಂದದ್ದು 1989ರಲ್ಲಿ, ನಮ್ಮಂಥವರಿಗೆ ಸಿಕ್ಕಿದ್ದು 2000ದಲ್ಲಿ.

ಇದು ಮಾಡುವ ಕೆಲಸಕ್ಕೂ ಒಂದು ಮಿತಿ ಇದೆ. ಒಂದೇ ಸಮನೆ ಮೊರೆಯುವ ತಗ್ಗಿನ ಸದ್ದನ್ನು ಚೆನ್ನಾಗಿ ಅಳಿಸುತ್ತದೆ: ಬಸ್ಸು, ವಿಮಾನ, ಫ್ಯಾನು, ಎಸಿ. ಕುಕ್ಕರ್ ಸೀಟಿ ಬರುತ್ತದೆ, ಹಾರ್ನ್ ಬರುತ್ತದೆ, ಪಕ್ಕದ ಮನೆಯವರ ಮಾತೂ ಬರುತ್ತದೆ. ಅವನ್ನು ತಡೆಯುವ ಕೆಲಸ ಕಿವಿಯ ಸುತ್ತಲಿನ ಮೆತ್ತೆಯದು. ಸಂಗೀತದ ಮಂದ್ರವನ್ನೂ ಇದು ಅಳಿಸಿಬಿಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಒಳಗೆ ಯಾವ ಸಂಗೀತ ಹೋಗುತ್ತಿದೆ ಎಂಬುದು ಆ ಯಂತ್ರಕ್ಕೆ ಗೊತ್ತು, ಅದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಎದುರು ಸದ್ದು ಹಾಕುತ್ತದೆ.

ಇಲ್ಲಿ ನನ್ನ ಅಕ್ಕನ ಪ್ರಸಂಗ ಹೇಳಬೇಕು. ಸಮಯ ಸ್ವಲ್ಪ ಹೆಚ್ಚಾದರೂ ಹೇಳುತ್ತೇನೆ.

ಅಕ್ಕ ನಲವತ್ತು ವರ್ಷದಿಂದ ಸಂಗೀತ ಪಾಠ ಹೇಳುತ್ತಿದ್ದಾಳೆ. ಈಗ ಅರ್ಧ ಮಕ್ಕಳು ಹೊರದೇಶದವರು. ಶನಿವಾರ ಬೆಳಿಗ್ಗೆ ಏಳಕ್ಕೆ ನ್ಯೂಜೆರ್ಸಿಯ ಒಬ್ಬಳು ಹುಡುಗಿಗೆ ಪಾಠ. ಅಲ್ಲಿ ಅದು ಶುಕ್ರವಾರ ರಾತ್ರಿ. ಅಕ್ಕನ ಹುಟ್ಟುಹಬ್ಬಕ್ಕೆ ಅವಳ ಮಗ ದುಬಾರಿ ಹೆಡ್‌ಫೋನ್ ತಂದುಕೊಟ್ಟ. ಒಂದು ವಾರ ಹಳೆಯ ಕಛೇರಿಗಳನ್ನು ಕೇಳಿ ಬಹಳ ಸಂತೋಷಪಟ್ಟಳು. ಶನಿವಾರ ಪಾಠಕ್ಕೂ ಅದನ್ನೇ ಹಾಕಿಕೊಂಡಳು. ಹತ್ತು ನಿಮಿಷಕ್ಕೆ ಗದರಿಕೆ ಶುರುವಾಯಿತು. "ತಂಬೂರಿ ಹಾಕಿಕೊಳ್ಳದೆ ಹಾಡಬೇಡ ಎಂದು ಎಷ್ಟು ಸಲ ಹೇಳಿದ್ದೇನೆ?" ಮಗು ಹೇಳಿತು, "ಹಾಕಿದ್ದೇನೆ ಮಿಸ್." ಅಕ್ಕ ನಂಬಲಿಲ್ಲ. ಮುಂದಿನ ಶನಿವಾರವೂ ಅದೇ. ಮೂರನೆಯ ಶನಿವಾರ ಮಗುವಿನ ತಾಯಿಯೇ ತಂಬೂರಿ ಪೆಟ್ಟಿಗೆಯನ್ನು ಕ್ಯಾಮೆರಾದ ಎದುರಿಗೆ ಹಿಡಿದು ತೋರಿಸಿದರು. ದೀಪ ಉರಿಯುತ್ತಿದೆ, ಗುಂಡಿ ಪೂರ್ತಿ ತಿರುಗಿದೆ, ಇಲ್ಲಿ ಅಕ್ಕನಿಗೆ ಏನೂ ಕೇಳಿಸುತ್ತಿಲ್ಲ. ಅವತ್ತು ನನಗೆ ಫೋನ್ ಬಂತು: "ನನ್ನ ಕಿವಿ ಹೋಯಿತೇನೋ, ಬಂದು ನೋಡು." ಅವಳ ದನಿಯಲ್ಲಿದ್ದ ಭಯವನ್ನು ನಾನು ಮರೆತಿಲ್ಲ. ಸಂಗೀತಗಾರ್ತಿಗೆ ಅದಕ್ಕಿಂತ ದೊಡ್ಡ ಭಯ ಇಲ್ಲ.

ನಾನು ಹೋದೆ. ಇಬ್ಬರು ಕಳ್ಳರು ಸಿಕ್ಕರು. ಮೊದಲನೆಯವನು ಆ ಕಡೆ ಇದ್ದ. ವಿಡಿಯೊ ಕರೆಯ ತಂತ್ರಾಂಶಗಳು ಮಾತನ್ನು ಉಳಿಸಿ ಗದ್ದಲವನ್ನು ತೆಗೆಯಲು ಕಲಿತಿವೆ. ಒಂದೇ ಸಮನೆ ನಿಲ್ಲದೆ ಬರುವ ಸದ್ದನ್ನು ಅವು ಗದ್ದಲ ಎಂದೇ ಎಣಿಸುತ್ತವೆ. ಅದರ ಪಾಲಿಗೆ ತಂಬೂರಿಯೂ ಫ್ಯಾನೂ ಒಂದೇ! ಮೂಲ ಧ್ವನಿಯನ್ನು ಹಾಗೆಯೇ ಕಳುಹಿಸುವ ಆಯ್ಕೆ ಸೆಟ್ಟಿಂಗ್‌ನಲ್ಲಿ ಇತ್ತು, ಆ ತಾಯಿಯಿಂದ ಅದನ್ನು ಹಾಕಿಸಿದೆವು. ತಂಬೂರಿ ಬಂತು, ಆದರೆ ಬಾವಿಯೊಳಗಿನಿಂದ ಬಂದಂತೆ. ಎರಡನೆಯ ಕಳ್ಳ ಅಕ್ಕನ ತಲೆಯ ಮೇಲೆಯೇ ಕೂತಿದ್ದ. ಬ್ಲೂಟೂತ್ ಹೆಡ್‌ಫೋನ್‌ನ ಮೈಕನ್ನು ಬಳಸಿದ ಕೂಡಲೇ ಸಾಮಾನ್ಯವಾಗಿ ಸಂಪರ್ಕವೇ ಬದಲಾಗುತ್ತದೆ. ಸಂಗೀತದ ದಾರಿ ಮುಚ್ಚಿ ದೂರವಾಣಿಯ ದಾರಿ ತೆರೆಯುತ್ತದೆ. ಎರಡು ಕಿವಿಗೂ ಒಂದೇ ಧ್ವನಿ, ಮೇಲಿನ ಹರ್ಟ್ಸ್‌ಗಳು ಕತ್ತರಿಸಿಹೋಗಿರುತ್ತವೆ. ಮೂವತ್ತು ಸಾವಿರ ಕೊಟ್ಟರೂ ಅಷ್ಟೇ, ಮೂರು ಸಾವಿರ ಕೊಟ್ಟರೂ ಅಷ್ಟೇ. ಪರಿಹಾರ ಒಂದು ನಿಮಿಷದ್ದು: ಲ್ಯಾಪ್‌ಟಾಪ್‌ನ ಸೆಟ್ಟಿಂಗ್‌ನಲ್ಲಿ ಮೈಕ್ ಎಂದು ಲ್ಯಾಪ್‌ಟಾಪ್‌ನದ್ದನ್ನೇ ಆರಿಸಿ, ಕೇಳಲು ಮಾತ್ರ ಹೆಡ್‌ಫೋನ್ ಇಟ್ಟೆ. ಆಗ ತಂಬೂರಿ ತುಂಬಿ ಬಂತು. ಅಕ್ಕ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಆ ಮಗುವಿಗೆ, "ತಪ್ಪು ನನ್ನದು ಪುಟ್ಟಿ, ಇನ್ನೊಂದು ಸಲ ಹಾಡು" ಎಂದಳು.

ಇಲ್ಲಿ ಪಾಠ ಹೇಳುವವರು ಅನೇಕರಿದ್ದೀರಿ. ಹೆಡ್‌ಫೋನ್ ಬದಲಿಸುವ ಮೊದಲು ಈ ಎರಡು ಸೆಟ್ಟಿಂಗ್ ನೋಡಿ. ಇನ್ನೊಂದು ಮಾತು. ಬ್ಲೂಟೂತ್‌ನಲ್ಲಿ ಧ್ವನಿ ಒಂದಿಷ್ಟು ತಡವಾಗಿಯೇ ಬರುತ್ತದೆ. ಕೀಬೋರ್ಡ್ ನುಡಿಸುವಾಗ ತಾಳ ಕೈ ತಪ್ಪುತ್ತದೆ. ಅಭ್ಯಾಸಕ್ಕೆ ತಂತಿಯ ಹೆಡ್‌ಫೋನೇ ಸರಿ.

ಕೊಡೆಕ್‌ಗೆ, ಅಂದರೆ ಬ್ಲೂಟೂತ್‌ನಲ್ಲಿ ಕಳುಹಿಸಲು ಧ್ವನಿಯನ್ನು ಕುಗ್ಗಿಸುವ ಬಗೆಗೆ, ಬರುತ್ತೇನೆ, ಏಕೆಂದರೆ ಅಂಗಡಿಯವರು ಮೊದಲು ಹೇಳುವುದೇ ಅದು. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದೆ. ಸೋನಿಯ ಎಲ್‌ಡಿಎಸಿ ಹೆಚ್ಚೆಂದರೆ 990 ಸಾಗಿಸುತ್ತದೆ, ಸೆನ್‌ಹೈಸರ್‌ನಲ್ಲಿ ಆಪ್ಟ್‌ಎಕ್ಸ್ ಅಡಾಪ್ಟಿವ್ ಇದೆ. ಕೇಳಲು ಚೆನ್ನಾಗಿದೆ. ಆದರೆ ಐಫೋನ್ ಇವೆರಡನ್ನೂ ಕೊಡುವುದಿಲ್ಲ, ಅದರಲ್ಲಿರುವುದು ಎಎಸಿ. ಇನ್ನು ನಮ್ಮ ಸಭೆಯವರು ಹೆಚ್ಚಾಗಿ ಕೇಳುವುದು ಯಾರೋ ಪುಣ್ಯಾತ್ಮರು ಕ್ಯಾಸೆಟ್‌ನಿಂದ ಇಳಿಸಿ ಅಂತರ್ಜಾಲಕ್ಕೆ ಹಾಕಿದ ಕಛೇರಿಗಳನ್ನು. ಕೆರೆಯಲ್ಲಿ ಇರುವಷ್ಟೇ ನೀರು ತೂಬಿನಲ್ಲಿ ಬರುತ್ತದೆ, ತೂಬನ್ನು ಎಷ್ಟು ಅಗಲ ಮಾಡಿದರೂ ಅಷ್ಟೇ. ಕೊಡೆಕ್‌ಗಾಗಿ ಹತ್ತು ಸಾವಿರ ಹೆಚ್ಚು ಕೊಡಬೇಡಿ.

ಬೆಲೆಯ ವಿಷಯವೂ ಹಾಗೆಯೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿತು. ಆವರ್ತನ ಸ್ಪಂದನಕ್ಕೂ, ಅಂದರೆ ತಗ್ಗಿನಿಂದ ಮೇಲಿನವರೆಗೆ ಯಾವ ಸ್ವರವನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದಕ್ಕೂ, ಬೆಲೆಗೂ ಸಂಬಂಧ ಸಿಗಲಿಲ್ಲ. ಹಾಗಾದರೆ ಹಣ ಯಾವುದಕ್ಕೆ ಕೊಡುತ್ತೇವೆ? ಗದ್ದಲ ಅಳಿಸುವ ಶಕ್ತಿಗೆ, ತಲೆಯ ಮೇಲಿನ ನೆಮ್ಮದಿಗೆ, ಬಾಳಿಕೆಗೆ. ಅಂದರೆ ವಾಲ್ಯೂಮ್ ಏರಿಸದೆ ತಂಬೂರಿ ಕೇಳುವುದಕ್ಕೆ.

ಈ ನಾಲ್ಕರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬೋಸ್: ಗದ್ದಲ ಅಳಿಸುವುದರಲ್ಲಿ, ತಲೆಗೆ ಹಗುರವಾಗಿರುವುದರಲ್ಲಿ ನನಗೆ ಇದೇ ಮೊದಲು. ಬ್ಯಾಟರಿ 24 ಗಂಟೆ. ಮೇಲು ಸ್ವರಗಳನ್ನು ಸ್ವಲ್ಪ ಹೊಳಪಿಸುತ್ತದೆ, ಪಿಟೀಲು ಕೆಲವೊಮ್ಮೆ ಚುಚ್ಚುತ್ತದೆ. ಸೋನಿ: ಸುಮಾರು 250 ಗ್ರಾಂ, 30 ಗಂಟೆ. ಪೆಟ್ಟಿಗೆಯಿಂದ ತೆಗೆದಾಗ ಮಂದ್ರ ಅತಿಯಾಗಿರುತ್ತದೆ, ಮೃದಂಗದ ಎಡಭಾಗದ ಸದ್ದು ಬಲಭಾಗದ್ದನ್ನು ನುಂಗುತ್ತದೆ. ಅದರ ಆ್ಯಪ್‌ನ ಈಕ್ವಲೈಸರ್‌ನಲ್ಲಿ ಮಂದ್ರ ಇಳಿಸಿದರೆ ಬಹಳ ಚೆನ್ನಾಗಿದೆ. ತೀರಾ ಇಳಿಸಬೇಡಿ, ಏಕೆಂದರೆ ಮೆಲ್ಲನೆಯ ಧ್ವನಿಯಲ್ಲಿ ನಮ್ಮ ಕಿವಿಗೇ ಮಂದ್ರ ಕಡಿಮೆ ಕೇಳಿಸುತ್ತದೆ. ಸೆನ್‌ಹೈಸರ್: 293 ಗ್ರಾಂ, 60 ಗಂಟೆ. ವಾರದಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಮುಗಿಯಿತು. ಗದ್ದಲ ಅಳಿಸುವುದರಲ್ಲಿ ಬೋಸ್‌ಗಿಂತ ಹಿಂದೆ, ಆದರೆ ಮನೆಯಲ್ಲಿ ಕೂತು ಕೇಳಿದಾಗ ಹಾಡುವವರ ದನಿ, ಪಿಟೀಲು, ತಂಬೂರಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುವುದು ಇದರಲ್ಲೇ. ಆಪಲ್: ಕಟ್ಟಿದ ರೀತಿ ಅದ್ಭುತ, ಧ್ವನಿ ಸಮತೋಲನದಲ್ಲಿದೆ. ಆದರೆ 384.8 ಗ್ರಾಂ, 2020ರಲ್ಲಿ ಬಂದಾಗ ಭಾರತದಲ್ಲಿ ಬೆಲೆ 59,900 ರೂಪಾಯಿ ಇತ್ತು. ಒಂದು ರಾಗಂ ತಾನಂ ಪಲ್ಲವಿ ಮುಗಿಯುವಷ್ಟರಲ್ಲಿ ನನ್ನ ಕತ್ತು ಸೋಲುತ್ತದೆ. ಕತ್ತು ಸೋತ ಮೇಲೆ ಧ್ವನಿಯ ಮಾತೇ ಬರುವುದಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳುಹಿಸಿದ್ದಾರೆ, ಐದು ನಿಮಿಷ. ಬ್ಯಾಟರಿ, ರಿಪೇರಿ, ಮಕ್ಕಳ ಹೆಡ್‌ಫೋನ್ ಎಂದು ಮೂರು ಹಾಳೆ ಬರೆದುಕೊಂಡಿದ್ದೆ. ಅದರಲ್ಲಿ ಎರಡು ಮಾತು ಮಾತ್ರ ಹೇಳುತ್ತೇನೆ.

ಮೆತ್ತೆಯ ಮೇಲಿನ ಕೃತಕ ಚರ್ಮ ನಮ್ಮ ಬೆವರಿಗೆ ಕೆಲವೇ ವರ್ಷದಲ್ಲಿ ಸುಲಿಯುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಸುಲಿದ ಮೆತ್ತೆಯಲ್ಲಿ ಸಂದು ಬಿದ್ದರೆ ಮಂದ್ರ ಸೋರಿಹೋಗುತ್ತದೆ, ಗದ್ದಲ ಒಳಗೆ ಬರುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಬದಲಿ ಮೆತ್ತೆ ಸಿಗುತ್ತದೆಯೇ, ನೀವೇ ಹಾಕಿಕೊಳ್ಳಬಹುದೇ ಎಂದು ಕೇಳಿ. ಕನ್ನಡಕದ ಕಡ್ಡಿಯೂ ಅಂಥದ್ದೇ ಸಂದು ಮಾಡುತ್ತದೆ. ಹೊರದೇಶದ ವಿಮರ್ಶೆಗಳಲ್ಲಿ ಎಂದೂ ಕಾಣದ ಇನ್ನೊಂದು ವಿಷಯ ಇದೆ: ಓಲೆ, ಜುಮುಕಿ, ತುರುಬು. ಅಕ್ಕನ ವಜ್ರದ ಓಲೆ ಒಂದು ಹೆಡ್‌ಫೋನ್‌ನಲ್ಲಿ ಅರ್ಧ ಗಂಟೆಗೆ ಹಾಲೆ ಕೆಂಪಾಗಿಸಿತು, ಇನ್ನೊಂದರಲ್ಲಿ ಅವಳಿಗೆ ನೆನಪೂ ಆಗಲಿಲ್ಲ. ಇದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಎರಡನ್ನು ಹೋಲಿಸುವಾಗ ಧ್ವನಿಮಟ್ಟ ಸಮ ಮಾಡಿಕೊಳ್ಳಿ. ಒಂದು ಸ್ವಲ್ಪ ಜೋರಾಗಿದ್ದರೂ ಕಿವಿ ಅದನ್ನೇ ಒಳ್ಳೆಯದು ಎನ್ನುತ್ತದೆ. ಅಂಗಡಿಯಲ್ಲಿ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ.

ಮೇಜಿನ ಮೇಲಿನ ನಾಲ್ಕನ್ನೂ ಸಮ ಮಾಡಿ, ವಾಲ್ಯೂಮ್ ತಗ್ಗಿಸಿ ಇಟ್ಟಿದ್ದೇನೆ. ನಾಲ್ಕರಲ್ಲೂ ಒಂದೇ ಆಲಾಪನೆ ಇದೆ, ಅಕ್ಕನೇ ಹಾಡಿದ್ದು. ಸಭಾಂಗಣದ ಫ್ಯಾನುಗಳನ್ನು ನಿಲ್ಲಿಸಬೇಡಿ ಎಂದು ಕೇಳಿಕೊಂಡಿದ್ದೇನೆ. ಕನ್ನಡಕ ತೆಗೆಯದೆ, ಓಲೆ ಬಿಚ್ಚದೆ, ವಾಲ್ಯೂಮ್ ಮುಟ್ಟದೆ ಒಬ್ಬೊಬ್ಬರಾಗಿ ಬಂದು ಕೇಳಿ. ಒಂದು ನಿಮಿಷ ಹತ್ತು ಸೆಕೆಂಡಿಗೆ ಅವಳು ಉಸಿರು ತೆಗೆದುಕೊಳ್ಳುತ್ತಾಳೆ.