ಕ್ಯಾಲ್ಸಿಯಂ ಬರೀ ಮೂಳೆಗಾ? ಕರುಳನ್ನು ಕೇಳಿ!

ನಮಸ್ಕಾರ, ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಗುರುಗಳೇ, ಕ್ಯಾಲ್ಸಿಯಂ ಇರೋದು ಮೂಳೆಗೆ. ಕರುಳಿಗೂ ಅದಕ್ಕೂ ಏನು ಸಂಬಂಧ? ಸುಮ್ನೆ ಕತೆ ಕಟ್ಟಬೇಡಿ." ಅದಕ್ಕೆ ನಲವತ್ತು ಲೈಕ್! ರಾತ್ರಿ ಊಟ ಸೇರಲಿಲ್ಲ ನನಗೆ.

ಕತೆಯಲ್ಲ ಸ್ವಾಮಿ, ಕಣ್ಣಾರೆ ಕಂಡಿದ್ದು. ಬಿ.ಫಾರ್ಮ (ಔಷಧಶಾಸ್ತ್ರದ ಪದವಿ) ಓದುವಾಗ ಬೆಳಿಗ್ಗೆ ಕೋಳಿ ಅಂಗಡಿಗೆ ಹೋಗಿ ಬಿಸಿ ಬಿಸಿ ಕರುಳು ತರುತ್ತಿದ್ದೆವು. ಕೋಳಿ ಬೇಡ, ಕರುಳು ಮಾತ್ರ ಸಾಕು ಅಂದರೆ ಅಂಗಡಿಯವನು ನೋಡುತ್ತಿದ್ದ ನೋಟ ಇದೆಯಲ್ಲ! ಒಂದು ಗೇಣಿಗಿಂತ ಚಿಕ್ಕ ತುಂಡು. ಎರಡೂ ತುದಿಗೆ ದಾರ. 37 ಡಿಗ್ರಿಯ ಟೈರೋಡ್ ದ್ರಾವಣದಲ್ಲಿ (ಕ್ಯಾಲ್ಸಿಯಂ ಸೇರಿದಂತೆ ಲವಣಗಳಿರುವ ನೀರು) ಇಳಿಬಿಟ್ಟು, ಕೆಳಗಿನಿಂದ ಗಾಳಿ ಗುಳುಗುಳು ಬಿಡುವುದು. ನರ ಸ್ನಾಯುವಿಗೆ ಸಂದೇಶ ಕೊಡಲು ಬಿಡುವ ರಾಸಾಯನಿಕ ಅಸಿಟೈಲ್‌ಕೋಲಿನ್ ಹಾಕಿದ ತಕ್ಷಣ ತುಂಡು ಹಿಂಡಿಕೊಳ್ಳುತ್ತದೆ, ಮಸಿ ಹಿಡಿಸಿದ, ತಿರುಗುವ ಡ್ರಮ್ಮಿನ ಮೇಲೆ ದಾರಕ್ಕೆ ಕಟ್ಟಿದ ಕಡ್ಡಿ ಸರ್ರಂತ ಗೆರೆ ಎಳೆಯುತ್ತದೆ. ಈಗ ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ನಾಲ್ಕಾರು ಸಲ ತೊಳೆದು, ಅದೇ ಔಷಧಿ, ಅಷ್ಟೇ ಪ್ರಮಾಣ ಹಾಕಿ. ಗೆರೆ ಮೊಣಕಾಲಿಗೂ ಏಳುವುದಿಲ್ಲ. ಕ್ಯಾಲ್ಸಿಯಂ ವಾಪಸ್ ಕೊಡಿ, ಎದ್ದು ಕೂರುತ್ತದೆ. ಮೂಳೆ ಎಲ್ಲಿತ್ತು ಅಲ್ಲಿ?

"ನರ ಹೇಳಿದರೆ ಸ್ನಾಯು ಕೇಳುತ್ತದೆ" ಅಂತ ಇನ್ನೊಬ್ಬ ಪಂಡಿತರು. ನರ ಬಾಗಿಲು ತಟ್ಟಬಹುದಪ್ಪ, ಒಳಗೆ ಹೋಗಿ ಕೆಲಸ ಮಾಡುವುದು ಕ್ಯಾಲ್ಸಿಯಂ. ಸ್ನಾಯುವಿನ ಕೋಶದ ಹೊರಗೆ ಅದು ಒಳಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ. ಕೋಶದ ಪೊರೆಯ ಬಾಗಿಲು ತೆರೆದರೆ ನುಗ್ಗಿ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್‌ಗೆ ಅಂಟುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನ್ ಎಳೆಯಲು ಶುರು. ಕೋಶದೊಳಗೂ ದಾಸ್ತಾನು ಇದೆ ಅನ್ನುತ್ತೀರಾ? ಇದೆ, ಚಿಲ್ಲರೆ!

ಬೇರಿಯಂ ಕ್ಲೋರೈಡ್ ಎಂಬ ವಿಷದ ಉಪ್ಪು ಇನ್ನೊಬ್ಬ ಕಿಲಾಡಿ. ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚಿ ಬಾಗಿಲು ತೆರೆಸಿ ಕರುಳನ್ನು ಗಟ್ಟಿಯಾಗಿ ಹಿಂಡುತ್ತದೆ. ಅಸಿಟೈಲ್‌ಕೋಲಿನ್ ಆಟ ತಡೆಯುವ ಔಷಧಿ ಅಟ್ರೋಪಿನ್‌ಗೂ ಕ್ಯಾರೇ ಅನ್ನುವುದಿಲ್ಲ. (ಎಕ್ಸ್‌ರೇಗೆ ಕುಡಿಸುವ ಬೇರಿಯಂ ಸಲ್ಫೇಟ್, ನೀರಿನಲ್ಲಿ ಕರಗಲ್ಲ. ಗಾಬರಿ ಬೇಡ.) ಮೆಗ್ನೀಸಿಯಂ ಬಾಗಿಲಿಗೆ ಅಡ್ಡ ನಿಂತು ಕ್ಯಾಲ್ಸಿಯಂ ತಡೆಯುತ್ತದೆ. "ಹಾಗಾದರೆ ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪು ಕುಡಿದರೆ ಭೇದಿ ಯಾಕೆ?" ಅದು ಕರುಳೊಳಗೆ ನೀರು ಎಳೆದುಕೊಳ್ಳುವ ಆಟ ಮಾರಾಯರೇ, ಬೇರೆ ಲೆಕ್ಕ!

ಸಬ್‌ಸ್ಕ್ರೈಬ್ ಮಾಡಿದ್ದೀರಾ? ಬೈಯುವುದಕ್ಕಾದರೂ ಮಾಡಿ.

ಇಂಗ್ಲೆಂಡಿನ ವೈದ್ಯ ಸಿಡ್ನಿ ರಿಂಗರ್ ಗೊತ್ತಾ? 1882ರಲ್ಲಿ ಕಪ್ಪೆಯ ಹೃದಯ ಉಪ್ಪುನೀರಿನಲ್ಲೇ ಚೆನ್ನಾಗಿ ಬಡಿಯುತ್ತದೆ ಅಂದುಕೊಂಡರು. ಆಮೇಲೆ ನೋಡಿದರೆ ಅದು ಬಟ್ಟಿ ಇಳಿಸಿದ ನೀರಲ್ಲ, ಲಂಡನ್ನಿನ ನಲ್ಲಿ ನೀರು! ಅದರಲ್ಲಿತ್ತು ನಮ್ಮ ಕ್ಯಾಲ್ಸಿಯಂ. ಕರುಳಲ್ಲ, ಹೃದಯ, ಗೊತ್ತು ಗೊತ್ತು. ಅದಕ್ಕೂ ಕಾಮೆಂಟ್ ಹಾಕಬೇಡಿ.

ಹಾಗಂತ ಹೊಟ್ಟೆನೋವಿಗೆ ಕ್ಯಾಲ್ಸಿಯಂ ಮಾತ್ರೆ ನುಂಗಬೇಡಿ, ನಾನು ಹಾಗೆ ಹೇಳೇ ಇಲ್ಲ. ಕ್ಯಾಲ್ಸಿಯಂ ಇಲ್ಲದೆ ಕರುಳು ಹಿಂಡುವುದಿಲ್ಲ, ಅಷ್ಟೇ ಅಷ್ಟೇ ಅಷ್ಟೇ! ಇನ್ನೂ ಅನುಮಾನವಾ? ಭಾನುವಾರ ಕೋಳಿ ಅಂಗಡಿಯಿಂದ ಒಂದು ತುಂಡು ತನ್ನಿ. ದಾರ ನಾನು ತರುತ್ತೇನೆ.