ಪಶ್ಚಿಮಕ್ಕೆ ಹೋದವರು ತವರನ್ನು ತೊರೆಯಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದ ಪಶ್ಚಿಮ ಭಾಗದಲ್ಲಿ ಜನ ಹೇಗೆ ನೆಲೆಸಿದರು ಎಂಬ ಕಥೆಯನ್ನು ನಮ್ಮಲ್ಲಿ ಹೆಚ್ಚಿನವರು ಸಿನಿಮಾಗಳಿಂದ ತಿಳಿದುಕೊಂಡಿದ್ದೇವೆ. ಅಲ್ಲಿ ಒಬ್ಬ ಗಂಡಸು, ಒಂದು ಕುದುರೆ, ಒಂದು ಬಂದೂಕು ಇರುತ್ತವೆ. ಅವನನ್ನು ಹೆತ್ತವರು, ಅವನ ಒಡಹುಟ್ಟಿದವರು ಎಲ್ಲಿದ್ದಾರೆಂದು ಯಾರೂ ಕೇಳುವುದಿಲ್ಲ. ಈ ಒಂಟಿ ಸಾಹಸಿಯ ಚಿತ್ರ ಸುಳ್ಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಶ್ಚಿಮದ ನೆಲಕ್ಕೆ ಹೋದವರು ಬಂಧುಗಳ ಜೊತೆ ಹೋದರು, ಇಲ್ಲವೇ ಬಂಧುಗಳನ್ನು ಕರೆಸಿಕೊಂಡರು, ಎರಡೂ ಆಗದಿದ್ದಾಗ ಕಾಗದ ಬರೆಯುತ್ತ ಕೂತರು. ಆ ಪ್ರದೇಶವನ್ನು ತುಂಬಿಸಿದ್ದರಲ್ಲಿ ಬಂದೂಕಿಗಿಂತ ಆ ಕಾಗದಗಳ ಪಾಲೇ ದೊಡ್ಡದೆಂದು ನಾನು ನಂಬಿದ್ದೇನೆ.

1840ರ ದಶಕದಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಆರೆಗಾನ್‌ಗೆ ಸುಮಾರು 2,000 ಮೈಲಿ ದಾರಿ. ಎತ್ತಿನ ಬಂಡಿಯಲ್ಲಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ದಾರಿಯುದ್ದಕ್ಕೂ ಜನ ಬರೆಯುತ್ತಲೇ ಹೋದರು: ದಾರಿಯಲ್ಲಿ ಸಿಗುವ ಫೋರ್ಟ್ ಲಾರಮಿ ಎಂಬ ಕೋಟೆಯಲ್ಲಿ ಕಾಗದಗಳನ್ನು ಬಿಟ್ಟುಹೋದರು, ಎದುರಿನಿಂದ ಪೂರ್ವಕ್ಕೆ ಮರಳುತ್ತಿದ್ದ ಅಪರಿಚಿತರ ಕೈಗೆ ಕೊಟ್ಟು ಕಳುಹಿಸಿದರು, ಹಿಂದೆ ಬರುತ್ತಿದ್ದ ತಮ್ಮವರಿಗಾಗಿ ದಾರಿಬದಿಯಲ್ಲಿ ಬಿದ್ದಿದ್ದ ಕಾಡೆಮ್ಮೆಗಳ ತಲೆಬುರುಡೆಯ ಮೇಲೂ ಸುದ್ದಿ ಬರೆದಿಟ್ಟರು.

1847ರ ಮೇ ತಿಂಗಳಲ್ಲಿ ಹದಿಮೂರು ವರ್ಷದ ವರ್ಜೀನಿಯಾ ರೀಡ್ ಎಂಬ ಹುಡುಗಿ ಕ್ಯಾಲಿಫೋರ್ನಿಯಾದಿಂದ ಇಲಿನಾಯ್‌ನಲ್ಲಿದ್ದ ತಾಯಿಯ ಕಡೆಯ ಸಂಬಂಧಿ ಮೇರಿಗೆ ಬರೆದ ಕಾಗದವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಆಕೆಯ ಕುಟುಂಬ ಡಾನರ್ ತಂಡದ ಜೊತೆಗಿತ್ತು. ಹತ್ತಿರವೆಂದು ನಂಬಿ ಒಳದಾರಿ ಹಿಡಿದ ಆ ತಂಡ ಸಿಯೆರಾ ನೆವಾಡಾದ ಹಿಮದಲ್ಲಿ ಸಿಕ್ಕಿಕೊಂಡಿತು. ಅರ್ಧಕ್ಕೆ ಸಮೀಪ ಜನ ಸತ್ತರು, ಬದುಕಿದವರಲ್ಲಿ ಕೆಲವರು ಸತ್ತವರ ಮಾಂಸ ತಿನ್ನಬೇಕಾಯಿತು. ಆ ಮಗು ಇದೆಲ್ಲವನ್ನೂ ಕಾಗುಣಿತದ ತಪ್ಪುಗಳ ನಡುವೆ ಬರೆಯುತ್ತದೆ, ಇದನ್ನು ಓದಿ ಯಾರೂ ಎದೆಗುಂದಬಾರದು ಎನ್ನುತ್ತದೆ, ಎಂದಿಗೂ ಒಳದಾರಿ ಹಿಡಿಯಬೇಡಿ, ಆದಷ್ಟು ಬೇಗ ಬೇಗ ಸಾಗಿಬನ್ನಿ ಎಂದು ಎಚ್ಚರಿಸುತ್ತದೆ. ಅದೇ ಕಾಗದದಲ್ಲಿ ಈ ನಾಡು ಸುಂದರವಾಗಿದೆಯೆಂಬ ಮಾತಿದೆ, ಹೆನ್ರಿಯೆಟ್ ಎಂಬಾಕೆಗೆ ಮದುವೆಯಾಗುವ ಮನಸ್ಸಿದ್ದರೆ ಕ್ಯಾಲಿಫೋರ್ನಿಯಾಕ್ಕೆ ಬರಲಿ ಎಂಬ ಕರೆಯೂ ಇದೆ. ಅಂಥ ಸಾವುಗಳನ್ನು ಕಂಡುಬಂದ ಮೇಲೂ ಆ ಹುಡುಗಿಗೆ ತನ್ನವರು ತನ್ನ ಬಳಿಗೆ ಬರಬೇಕು! ಏಳು ತಿಂಗಳ ನಂತರ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ ಊರಿನ ಪತ್ರಿಕೆ ಆ ಕಾಗದವನ್ನು ಅಚ್ಚು ಹಾಕಿತು. ಆ ಕಾಲದಲ್ಲಿ ಮನೆಗೆ ಬಂದ ಕಾಗದ ಒಬ್ಬರ ಸ್ವತ್ತಾಗಿ ಉಳಿಯುತ್ತಿರಲಿಲ್ಲ. ನೆಂಟರಿಷ್ಟರು ಸೇರಿ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು, ನಕಲು ಮಾಡಿ ಬೇರೆ ಊರಿಗೆ ಕಳುಹಿಸುತ್ತಿದ್ದರು. ಯಾವ ದಾರಿ ಕ್ಷೇಮ, ಎಲ್ಲಿ ನೀರಿದೆ, ಎಷ್ಟು ಹಿಟ್ಟು ಹೊತ್ತು ತರಬೇಕು ಎಂಬುದನ್ನು ಮುಂದೆ ಹೊರಡುವವರು ಅದರಿಂದಲೇ ಕಲಿಯುತ್ತಿದ್ದರು.

ಇದಕ್ಕೆಲ್ಲ ಹಣ ಬೇಕಿತ್ತು. 1847ರ ಕಾನೂನಿನಂತೆ ಪೆಸಿಫಿಕ್ ಕರಾವಳಿಯ ಕಾಗದಕ್ಕೆ 40 ಸೆಂಟ್ ಅಂಚೆವೆಚ್ಚ ತಗಲುತ್ತಿತ್ತು; ಪೂರ್ವದಲ್ಲಿ ಕೂಲಿಯವನೊಬ್ಬನ ದಿನದ ದುಡಿಮೆ ಆಗ ಒಂದು ಡಾಲರಿನ ಆಸುಪಾಸಿನಲ್ಲಿತ್ತು. 1848ರಲ್ಲಿ ಚಿನ್ನ ಸಿಕ್ಕ ಮೇಲೆ ಸಹಸ್ರಾರು ಗಂಡಸರು ಹೆಂಡತಿ ಮಕ್ಕಳನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಧಾವಿಸಿದರು. ಅವರಿಗೆ ಬರುವ ಟಪಾಲು ಹಡಗಿನಲ್ಲಿ ಪನಾಮಾದವರೆಗೆ ಬಂದು, ಆ ಭೂಸಂಧಿಯನ್ನು ದಾಟಿ, ಮತ್ತೊಂದು ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತಿತ್ತು. ಹಡಗು ಬಂದ ದಿನ ಅಂಚೆ ಕಚೇರಿಯ ಮುಂದೆ ಎಷ್ಟು ಉದ್ದದ ಸಾಲು ಬೆಳೆಯುತ್ತಿತ್ತೆಂದರೆ, ಸಾಲಿನಲ್ಲಿ ನಿಂತ ಜಾಗವನ್ನೇ ಮಾರಿಕೊಂಡು ಬದುಕುವವರಿದ್ದರು. ಊರಿನಲ್ಲಿ ಉಳಿದ ಹೆಂಗಸರ ಪಾಡನ್ನು ಚರಿತ್ರೆ ಅಷ್ಟಾಗಿ ಹೇಳುವುದಿಲ್ಲ. ಹೊಲ ನೋಡಿಕೊಂಡವರು, ಸಾಲ ಕೊಟ್ಟವರಿಗೆ ಉತ್ತರ ಹೇಳಿದವರು, ಅತ್ತೆ ಮಾವಂದಿರನ್ನು ಸಾಕಿದವರು ಅವರು. ದೂರದ ಗಂಡನಿಗೆ ಮಕ್ಕಳ ಸುದ್ದಿ ಬರೆದು ಮನೆಯೊಂದಿಗಿನ ನಂಟು ಕಡಿಯದಂತೆ ನೋಡಿಕೊಂಡವರೂ ಅವರೇ. ಸಂಬಂಧವೆಂಬುದು ತಾನಾಗಿ ಉಳಿಯುವುದಿಲ್ಲ. ಯಾರೋ ಒಬ್ಬರು ಕೂತು ದುಡಿದು ಅದನ್ನು ಉಳಿಸಬೇಕಾಗುತ್ತದೆ.

ಪೋನಿ ಎಕ್ಸ್‌ಪ್ರೆಸ್ ಸವಾರರಿಗೆ ಇಂದು ಪ್ರತಿಮೆಗಳಿವೆ. 1860ರ ಏಪ್ರಿಲ್‌ನಿಂದ ಅವರು ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಸ್ಯಾಕ್ರಮೆಂಟೊಗೆ ಹತ್ತೇ ದಿನದಲ್ಲಿ ಟಪಾಲು ಮುಟ್ಟಿಸಿದ್ದು ನಿಜ. ಆದರೆ ಆರಂಭದಲ್ಲಿ ಅರ್ಧ ಔನ್ಸ್ ಕಾಗದಕ್ಕೆ ಐದು ಡಾಲರ್ ಕೊಡಬೇಕಿತ್ತು. ವರ್ತಕರು ಮತ್ತು ಪತ್ರಿಕೆಗಳು ಅದನ್ನು ಕೊಡಬಲ್ಲವಾಗಿದ್ದವು, ಮಗಳ ಬಾಣಂತನದ ಸುದ್ದಿಗೆ ಕಾಯುವ ತಾಯಿ ಕೊಡಬಲ್ಲವಳಾಗಿರಲಿಲ್ಲ. 1861ರ ಅಕ್ಟೋಬರಿನಲ್ಲಿ ತಂತಿ ಮಾರ್ಗ ಪೂರ್ಣಗೊಂಡೊಡನೆ ಆ ವ್ಯವಸ್ಥೆ ನಿಂತುಹೋಯಿತು. ನನ್ನನ್ನು ಕೇಳಿದರೆ ಪ್ರತಿಮೆ ನಿಲ್ಲಬೇಕಾದದ್ದು 1863ರ ಅಂಚೆ ಕಾನೂನಿಗೆ. ಅದು ದೂರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ದೇಶದ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಅರ್ಧ ಔನ್ಸ್ ಕಾಗದಕ್ಕೆ ಮೂರು ಸೆಂಟ್ ಎಂದು ನಿಗದಿಪಡಿಸಿತು. 1869ರಲ್ಲಿ ರೈಲು ಮಾರ್ಗವೂ ಕೂಡಿಕೊಂಡಿತು.

ಅಗ್ಗದ ಅಂಚೆಯ ಫಲವನ್ನು ಆಬ್ಲಿಂಜರ್ ಕುಟುಂಬದ ಕಾಗದಗಳಲ್ಲಿ ಕಾಣಬಹುದು. 1872ರಲ್ಲಿ ಯೂರಾಯ ಆಬ್ಲಿಂಜರ್ ಹೆಂಡತಿ ಮ್ಯಾಟಿ ಮತ್ತು ಎಳೆಯ ಮಗಳನ್ನು ಇಂಡಿಯಾನಾದಲ್ಲಿ ಬಿಟ್ಟು, ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರ ಭೂಮಿ ಕೊಡುತ್ತಿದ್ದ ಹೋಮ್‌ಸ್ಟೆಡ್ ಕಾನೂನಿನ ಜಮೀನಿಗಾಗಿ ನೆಬ್ರಾಸ್ಕಾಕ್ಕೆ ಹೋದ. ಮರುವರ್ಷ ಅವರಿಬ್ಬರೂ ಅವನನ್ನು ಸೇರಿಕೊಂಡರು. ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆಯಿಂದ ಮ್ಯಾಟಿ ತವರಿಗೆ, ಇದು ನಮ್ಮದೇ ಸ್ವಂತ ಮನೆ ಎಂದು ಹೆಮ್ಮೆಯಿಂದ ಬರೆದಳು. 1880ರಲ್ಲಿ ಆಕೆ ಹೆರಿಗೆಯಲ್ಲಿ ತೀರಿಕೊಂಡಳು. ಇಂಥ ಬಡ ರೈತ ಕುಟುಂಬವೊಂದರ ಒಳಗಿನ ಮಾತು ನಮಗೆ ಇಂದು ದೊರೆಯುವುದಕ್ಕೆ ಕಾರಣ, ಅವರಿಗೆ ಕಾಗದ ಕಳುಹಿಸಲು ಸಾಧ್ಯವಿತ್ತು ಮತ್ತು ಬಂದದ್ದನ್ನು ನೆಂಟರು ಜೋಪಾನ ಮಾಡಿದರು ಎಂಬುದೇ.

ಹೀಗೆ ಬರೆಯಲಾಗದವರೂ ಪಶ್ಚಿಮಕ್ಕೆ ಹೋದರು. ಗುಲಾಮಗಿರಿಯನ್ನು ಕೊನೆಗೊಳಿಸಿದ 1861–65ರ ಅಂತರ್ಯುದ್ಧಕ್ಕೆ ಮುಂಚಿನ ಏಳು ದಶಕಗಳಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್ ಮುಂತಾದ ರಾಜ್ಯಗಳಿಂದ ಸುಮಾರು ಹತ್ತು ಲಕ್ಷ ಗುಲಾಮರನ್ನು ಮಿಸಿಸಿಪಿ, ಲೂಸಿಯಾನಾ, ಟೆಕ್ಸಾಸ್‌ಗಳ ಕಡೆಗೆ ಸಾಗಿಸಲಾಯಿತು, ಇವರಲ್ಲಿ ಬಹಳ ಮಂದಿಯನ್ನು ತಾಯಿ ಮಕ್ಕಳನ್ನು ಬೇರ್ಪಡಿಸಿ ಮಾರಲಾಯಿತು. ಗುಲಾಮರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಅಪರಾಧವೆಂದು ಸಾರಿದ್ದವು. ಹಿಂದೆ ಉಳಿದ ತಾಯಿಗೆ ಮಗ ಬದುಕಿರುವನೇ ಎಂದು ತಿಳಿಯುವ ಮಾರ್ಗವನ್ನೇ ಕಾನೂನು ಮುಚ್ಚಿತ್ತು. ಬಿಡುಗಡೆಯಾದ ಮೇಲೆ ಈ ಜನ ಕ್ರಿಶ್ಚಿಯನ್ ರೆಕಾರ್ಡರ್‌ನಂಥ ಪತ್ರಿಕೆಗಳಲ್ಲಿ ತಮ್ಮವರನ್ನು ಹುಡುಕಿ ಜಾಹೀರಾತು ಕೊಟ್ಟರು: ಅಮ್ಮನ ಹೆಸರು, ಕೊನೆಯ ಒಡೆಯನ ಹೆಸರು, ಮಾರಾಟವಾದ ಊರು, ಕಂಡವರು ದಯವಿಟ್ಟು ತಿಳಿಸಿ ಎಂಬ ಬೇಡಿಕೆ. ದಶಕಗಳ ನಂತರವೂ ಅವು ಪ್ರಕಟವಾಗುತ್ತಲೇ ಇದ್ದವು.

ಕ್ಯಾಲಿಫೋರ್ನಿಯಾದಲ್ಲಿ ಇಂದು ನೆಲೆಸಿರುವ ಕನ್ನಡಿಗರ ಮಕ್ಕಳೂ ಶಾಲೆಯಲ್ಲಿ ಈ ಚರಿತ್ರೆಯನ್ನು ಓದುತ್ತಾರೆ. ಅವರ ಪಠ್ಯದಲ್ಲಿ ವರ್ಜೀನಿಯಾ ರೀಡಳ ಕಾಗದ ಮತ್ತು ಆ ಜಾಹೀರಾತುಗಳಲ್ಲೊಂದು ಅಕ್ಕಪಕ್ಕದ ಪುಟಗಳಲ್ಲಿ ಇರಬೇಕೆಂದು ನಾನು ಬಯಸುತ್ತೇನೆ. ಎರಡೂ ಡಿಜಿಟಲ್ ಸಂಗ್ರಹಗಳಲ್ಲಿ ಯಾರು ಬೇಕಾದರೂ ಓದಲು ಸಿಗುತ್ತವೆ, ಮತ್ತು ಮೊದಲನೆಯದನ್ನು ಮಾತ್ರ ಓದಿಸುವ ಶಿಕ್ಷಕರಿಗೆ ಇನ್ನೊಂದನ್ನೂ ತೋರಿಸಿರೆಂದು ಪೋಷಕರು ಕೇಳಬಹುದು.